ಒಂದು ಸುಟ್ಟ ಕಾಳಿನ ವಯಸ್ಸು: ವಿರಳ ಪರಮಾಣುಗಳ ಎಣಿಕೆಯನ್ನು ಒಂಬತ್ತನೆಯ ತರಗತಿಗೆ ತರುವ ಬಗೆ

ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಪರಮಾಣುವಿನ ರಚನೆ’ ಪಾಠದ ಕೊನೆಗೆ ಐಸೋಟೋಪ್ ಮತ್ತು ಐಸೋಬಾರ್ ಬರುತ್ತವೆ. ಪಾಠ ಮುಗಿಯುವ ಅವಸರದಲ್ಲಿ ನಾವು ಇವೆರಡಕ್ಕೂ ಸೇರಿ ಹತ್ತು ನಿಮಿಷ ಕೊಡುತ್ತೇವೆ. ಒಂದೇ ಪರಮಾಣು ಸಂಖ್ಯೆ, ಬೇರೆ ರಾಶಿ ಸಂಖ್ಯೆ ಇದ್ದರೆ ಐಸೋಟೋಪ್. ಒಂದೇ ರಾಶಿ ಸಂಖ್ಯೆ, ಬೇರೆ ಪರಮಾಣು ಸಂಖ್ಯೆ ಇದ್ದರೆ ಐಸೋಬಾರ್. ಮಕ್ಕಳು ಬರೆದುಕೊಳ್ಳುತ್ತಾರೆ, ಒಂದು ಅಂಕದ ಪ್ರಶ್ನೆಗೆ ಉತ್ತರ ಸಿದ್ಧವಾಗುತ್ತದೆ. ಉಪಯೋಗಗಳ ಪಟ್ಟಿಯಲ್ಲಿ ಯುರೇನಿಯಂ, ಕೋಬಾಲ್ಟ್, ಅಯೋಡಿನ್ ಹೆಸರು ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ.

ತಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆ ಮಾಡುವಾಗ ನಾನು ಈ ಎರಡು ವ್ಯಾಖ್ಯೆಗಳಿಗೆ ಎರಡು ಪೂರ್ಣ ಅವಧಿ ತೆಗೆದುಕೊಂಡೆ. ಅದಕ್ಕೆ ಬೇಕಾದ ವಿಷಯಜ್ಞಾನ, ಮಾಡಿಸಿದ ಚಟುವಟಿಕೆ, ಮಕ್ಕಳು ಕೇಳಿದ ಪ್ರಶ್ನೆ ಇವನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ. ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ವೇಗವರ್ಧಕದ ನೆರವಿನಿಂದ ವಿರಳ ಪರಮಾಣುಗಳನ್ನು ಒಂದೊಂದಾಗಿ ಎಣಿಸುವ ವಿಧಾನ, ಕೇಳಲು ದೊಡ್ಡ ಹೆಸರು. ಆದರೆ ಅದರ ಒಳಗುಟ್ಟು ಪೂರ್ತಿಯಾಗಿ ಈ ಎರಡು ವ್ಯಾಖ್ಯೆಗಳಲ್ಲೇ ಇದೆ.

ಪ್ರಶ್ನೆ ಎಲ್ಲಿಂದ ಬಂತು

ಕಾವೇರಿ ಮತ್ತು ಕಪಿಲೆ ಕೂಡುವ ತಿ. ನರಸೀಪುರದ ಸಂಗಮ ಮಕ್ಕಳಿಗೆಲ್ಲ ಗೊತ್ತು. 1989ರಿಂದ ಅಲ್ಲಿ ಕುಂಭಮೇಳವೂ ನಡೆಯುತ್ತಿದೆ. ಆ ಸಂಗಮದ ಬಳಿ ನವಶಿಲಾಯುಗದ ಜನ ವಾಸವಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮೈಸೂರಿನ ಪುರಾತತ್ವ ವಿದ್ವಾಂಸ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆದು, 1971ರಲ್ಲಿ ಅದರ ವರದಿ ಪ್ರಕಟವಾಯಿತು. ನುಣುಪು ಮಾಡಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಸಮಾಧಿ, ತಲೆಯಿಟ್ಟು ಮಲಗಲು ಮಾಡಿದ ಮಣ್ಣಿನ ದಿಂಬಿನಂಥ ವಸ್ತು ಸಿಕ್ಕಿದವು. ಅಲ್ಲಿನ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಅಳೆಯಿತು. ಈ ನೆಲೆ ಕ್ರಿ.ಪೂ. 1800ರ ಆಸುಪಾಸಿಗೆ ಹೋಗುತ್ತದೆ ಎಂದು ಪುಸ್ತಕಗಳು ಹೇಳುವುದು ಆ ಅಳತೆಯ ಆಧಾರದಿಂದ.

ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ಮೂರ್ ಸಾವಿರದ ಎಂಟ್ನೂರ್ ವರ್ಷ ಅಂತ ಯಾರ್ ನೋಡಿದ್ರು? ಪುಸ್ತಕ್ದಲ್ಲಿ ಬರ್ದವ್ರೆ ಅಂತ ನಂಬ್ಬೇಕಾ?”

ಈ ಪ್ರಶ್ನೆಗೆ “ವಿಜ್ಞಾನಿಗಳು ಕಂಡುಹಿಡಿದಿದ್ದಾರೆ” ಎಂಬುದು ಉತ್ತರವಲ್ಲ. ಹಾಗೆ ಹೇಳಿದರೆ ಒಂದು ಅಧಿಕಾರದ ಮಾತಿನ ಮೇಲೆ ಇನ್ನೊಂದು ಅಧಿಕಾರದ ಮಾತು ಇಟ್ಟಂತಾಗುತ್ತದೆ. ಆ ಸಂಖ್ಯೆ ಹೇಗೆ ಹುಟ್ಟಿತು ಎಂದು ಮಗು ತಾನೇ ಹಂತಹಂತವಾಗಿ ಹೇಳುವಂತಾಗಬೇಕು. ನನ್ನ ಪಾಠಯೋಜನೆಯ ಕಲಿಕಾಂಶವನ್ನು ಹಾಗೆಯೇ ಬರೆದುಕೊಂಡೆ.

ವಿರಳ ಎಂದರೆ ಎಷ್ಟು ವಿರಳ?

ಮೊದಲು ನಂಜನಗೂಡಿನ ರಸಬಾಳೆಯಿಂದ ಹೊರಟೆ. ಪಠ್ಯದಲ್ಲಿ ಐಸೋಬಾರ್‌ಗೆ ಕೊಟ್ಟಿರುವ ಉದಾಹರಣೆ ಕ್ಯಾಲ್ಸಿಯಂ ಮತ್ತು ಆರ್ಗಾನ್. ಎರಡರ ರಾಶಿ ಸಂಖ್ಯೆಯೂ 40. ಪರಮಾಣು ಸಂಖ್ಯೆ 20 ಮತ್ತು 18. ನಡುವೆ 19 ಯಾರದು? ಪೊಟ್ಯಾಸಿಯಂ. ರಾಶಿ ಸಂಖ್ಯೆ 40 ಇರುವ ಪೊಟ್ಯಾಸಿಯಂ ವಿಕಿರಣಶೀಲ. ಅದು ಒಡೆದಾಗ ಸುಮಾರು 89 ಪಾಲು ಕ್ಯಾಲ್ಸಿಯಂ-40 ಆಗುತ್ತದೆ, 11 ಪಾಲು ಆರ್ಗಾನ್-40 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೆ ಹತ್ತು ಹನ್ನೆರಡು ಪೊಟ್ಯಾಸಿಯಂ-40 ಪರಮಾಣುಗಳು ಒಡೆಯುತ್ತಿರುತ್ತವೆ. ಹಣ್ಣು ತಿನ್ನಲು ಹೆದರಬೇಕಿಲ್ಲ. ನಮ್ಮ ಮೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಪೊಟ್ಯಾಸಿಯಂ ಮೊದಲೇ ಇದೆ, ಹೆಚ್ಚಾದದ್ದನ್ನು ದೇಹ ಹೊರಹಾಕುತ್ತದೆ. ಈ ಮಾತನ್ನು ತರಗತಿಯಲ್ಲಿ ತಪ್ಪದೆ ಹೇಳಬೇಕು.

ಪೊಟ್ಯಾಸಿಯಂ-40 ದೀರ್ಘಾಯುಷಿಯೇ ಹೊರತು ಬಹಳ ವಿರಳವಲ್ಲ. ಹತ್ತು ಸಾವಿರ ಪೊಟ್ಯಾಸಿಯಂ ಪರಮಾಣುಗಳಲ್ಲಿ ಒಂದು ಅದೇ ಇರುತ್ತದೆ. ಕಾರ್ಬನ್-14ರ ಕಥೆ ಬೇರೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಯಲ್ಲಿ ನ್ಯೂಟ್ರಾನ್‌ಗಳನ್ನು ಹೊರಡಿಸುತ್ತವೆ. ಅವು ನೈಟ್ರೋಜನ್‌ಗೆ ತಗುಲಿದಾಗ ಕಾರ್ಬನ್-14 ಹುಟ್ಟುತ್ತದೆ. ಅದು ಕಾರ್ಬನ್ ಡೈಆಕ್ಸೈಡ್ ಆಗಿ ಗಿಡಕ್ಕೆ, ಗಿಡದಿಂದ ನಮಗೆ ಸೇರುತ್ತದೆ. ಜೀವಂತ ಗಿಡದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಿಗೆ ಒಂದು ಮಾತ್ರ ಕಾರ್ಬನ್-14.

ಲಕ್ಷ ಕೋಟಿ ಎಂದರೆ ಮಕ್ಕಳಿಗೆ ಅದು ಬರೀ ಸೊನ್ನೆಗಳು. ಆದ್ದರಿಂದ ರಾಗಿಗೆ ಇಳಿಸಿದೆ. ಒಂದು ರಾಗಿ ಕಾಳು ಸುಮಾರು ಎರಡೂವರೆ ಮಿಲಿಗ್ರಾಂ. ಲಕ್ಷ ಕೋಟಿ ಕಾಳು ಎಷ್ಟು ತೂಗುತ್ತದೆ ಎಂದು ಅವರಿಂದಲೇ ಲೆಕ್ಕ ಮಾಡಿಸಿದೆ. ಇಪ್ಪತ್ತೈದು ಲಕ್ಷ ಕಿಲೋ, ಅಂದರೆ 2,500 ಟನ್. ಹತ್ತು ಟನ್ ಹೇರುವ ಲಾರಿಯಾದರೆ 250 ಲಾರಿ. ಅಷ್ಟು ರಾಗಿಯಲ್ಲಿ ನೋಡಲು ಹಾಗೇ ಇರುವ, ತೂಕದಲ್ಲಿ ಸ್ವಲ್ಪ ಹೆಚ್ಚಿರುವ ಒಂದೇ ಕಾಳನ್ನು ಹುಡುಕಬೇಕು. ಲೆಕ್ಕ ಮುಗಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಸಾವು ಎಣಿಸುವುದು, ಜನ ಎಣಿಸುವುದು

ಗಿಡ ಸತ್ತ ಮೇಲೆ ಹೊಸ ಕಾರ್ಬನ್-14 ಒಳಗೆ ಬರುವುದಿಲ್ಲ. ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ತಿಳಿದರೆ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. ವಿಲ್ಲರ್ಡ್ ಲಿಬ್ಬಿ 1949ರ ಹೊತ್ತಿಗೆ ಇದನ್ನು ಮಾಡಿ ತೋರಿಸಿದರು. 1960ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಲಿಬ್ಬಿಯವರ ಕಾಲದಲ್ಲಿ, ನಮ್ಮ ನರಸೀಪುರದ ಇದ್ದಿಲನ್ನು ಅಳೆದ ಕಾಲದಲ್ಲಿಯೂ, ಎಣಿಸುತ್ತಿದ್ದುದು ಕಾರ್ಬನ್-14 ಪರಮಾಣುಗಳನ್ನಲ್ಲ. ಅವು ಒಡೆಯುವಾಗ ಹೊರಬರುವ ಬೀಟಾ ಕಣಗಳನ್ನು.

ವ್ಯತ್ಯಾಸ ತೋರಿಸಲು ಈ ಹೋಲಿಕೆ ಬಳಸಿದೆ. ಒಂದು ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ತಿಳಿಯಬೇಕು. ಊರ ಹೊರಗೆ ನಿಂತು ವರ್ಷಕ್ಕೆ ಎಷ್ಟು ಸಾವಾಯಿತು ಎಂದು ಎಣಿಸಿ, ಅದರಿಂದ ಜನಸಂಖ್ಯೆ ಊಹಿಸುವುದು ಒಂದು ದಾರಿ. ಮನೆಮನೆಗೆ ಹೋಗಿ ಜನಗಣತಿ ಮಾಡುವುದು ಇನ್ನೊಂದು. ಕಾರ್ಬನ್-14ರ ಊರಿನಲ್ಲಿ ಸಾವು ಬಹಳ ಅಪರೂಪ: ವರ್ಷಕ್ಕೆ ಸುಮಾರು 8,270 ಪರಮಾಣುಗಳಲ್ಲಿ ಒಂದು ಒಡೆಯುತ್ತದೆ. ಊರು ಚಿಕ್ಕದಾದರೆ ಹೊರಗೆ ನಿಂತವನು ಎಷ್ಟು ಕಾಯಬೇಕು?

ಇದನ್ನೂ ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. ಇಂದಿನ ಒಂದು ಮಿಲಿಗ್ರಾಂ ಕಾರ್ಬನ್‌ನಲ್ಲಿ ಸುಮಾರು 6 ಕೋಟಿ ಕಾರ್ಬನ್-14 ಪರಮಾಣುಗಳಿರುತ್ತವೆ. 3,700 ವರ್ಷ ಹಳೆಯದಾದರೆ ನೂರಕ್ಕೆ 64 ಪಾಲು, ಅಂದರೆ 3.8 ಕೋಟಿ ಉಳಿದಿರುತ್ತವೆ. ಇಷ್ಟರಲ್ಲಿ ದಿನಕ್ಕೆ ಒಡೆಯುವುದು ಹನ್ನೆರಡೋ ಹದಿಮೂರೋ. ಎಣಿಕೆಯಲ್ಲಿ ಶೇ. 1ರ ನಿಖರತೆ ಬೇಕಾದರೆ 10,000 ಎಣಿಸಬೇಕು, ಏಕೆಂದರೆ ಇಂಥ ಎಣಿಕೆಯ ಏರುಪೇರು ಅದರ ವರ್ಗಮೂಲದಷ್ಟು, ಇಲ್ಲಿ 100. ಶೇ. 1 ತಪ್ಪಿದರೆ ವಯಸ್ಸು ಸುಮಾರು 80 ವರ್ಷ ಆಚೀಚೆ ಆಗುತ್ತದೆ. 10,000 ಒಡೆಯುವುದಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಆದ್ದರಿಂದಲೇ ಹಳೆಯ ವಿಧಾನಕ್ಕೆ ಮಿಲಿಗ್ರಾಂ ಸಾಲದು, ಕೆಲವು ಗ್ರಾಂ ಕಾರ್ಬನ್ ಬೇಕು. ಅಂದರೆ ಒಂದು ಹಿಡಿ ಇದ್ದಿಲು. ಆದರೆ ಅದೇ ಮಿಲಿಗ್ರಾಂನಲ್ಲಿ 3.8 ಕೋಟಿ ಪರಮಾಣುಗಳು ಕುಳಿತೇ ಇವೆ. ಅವನ್ನೇ ನೇರವಾಗಿ ಎಣಿಸಿದರೆ, ನೂರರಲ್ಲಿ ಒಂದೆರಡು ಸಿಕ್ಕರೂ ಸಾಕು. ವೇಗವರ್ಧಕ ವಿಧಾನ ಇಷ್ಟು ಎಣಿಕೆಯನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ.

ಯಂತ್ರದೊಳಗೆ ನಡೆಯುವುದು

ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಹಳೆಯ ಉಪಕರಣ. ವಿದ್ಯುದಾವೇಶ ಕೊಟ್ಟು ಓಡಿಸಿ ಕಾಂತಕ್ಷೇತ್ರದಲ್ಲಿ ತಿರುಗಿಸಿದರೆ ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಬಾಗುತ್ತದೆ. ಹಾಗಾದರೆ ಕಾರ್ಬನ್-14ನ್ನು ಹೀಗೇ ಏಕೆ ಎಣಿಸಲಿಲ್ಲ? ಇಲ್ಲಿ ಪಠ್ಯದ ಐಸೋಬಾರ್ ಕೆಲಸಕ್ಕೆ ಬರುತ್ತದೆ. ಕಾರ್ಬನ್-14ಕ್ಕೆ ನೈಟ್ರೋಜನ್-14 ಐಸೋಬಾರ್. ಇವೆರಡರ ರಾಶಿಯಲ್ಲಿರುವ ವ್ಯತ್ಯಾಸ ಲಕ್ಷಕ್ಕೆ ಒಂದು ಪಾಲಿನಷ್ಟು. ಗಾಳಿಯ ಮುಕ್ಕಾಲು ಪಾಲಿಗೂ ಹೆಚ್ಚು ನೈಟ್ರೋಜನ್ ಇರುವಾಗ ಯಂತ್ರದೊಳಗೆ ಅದರ ಸುಳಿವೇ ಇಲ್ಲದಂತೆ ಮಾಡಲಾಗದು. ಜೊತೆಗೆ ಕಾರ್ಬನ್-13ಕ್ಕೆ ಒಂದು ಹೈಡ್ರೋಜನ್ ಅಂಟಿದರೂ 14, ಕಾರ್ಬನ್-12ಕ್ಕೆ ಎರಡು ಅಂಟಿದರೂ 14. ವೇಷ ಹಾಕಿದವರ ಗುಂಪಿನಲ್ಲಿ ನಿಜವಾದವನು ಕಳೆದುಹೋಗುತ್ತಾನೆ.

1977ರಲ್ಲಿ ಅಮೆರಿಕದ ರೋಚೆಸ್ಟರ್ ಮತ್ತು ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುತ್ತಿದ್ದ ಎರಡು ತಂಡಗಳು ಇದಕ್ಕೆ ದಾರಿ ಕಂಡವು. ಅದನ್ನು ತರಗತಿಗೆ ಐದು ಹಂತವಾಗಿ ಹೇಳಬಹುದು.

ಮೊದಲನೆಯದು ಶುದ್ಧೀಕರಣ. ಕಾಳು ಅಥವಾ ಇದ್ದಿಲನ್ನು ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆದು ಮಣ್ಣಿನಿಂದ ಬಂದ ಕಾರ್ಬನ್ ತೆಗೆಯುತ್ತಾರೆ. ಉಳಿದದ್ದನ್ನು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡಿ, ಕಬ್ಬಿಣದ ಪುಡಿಯ ಸಮ್ಮುಖದಲ್ಲಿ ಹೈಡ್ರೋಜನ್ ಜೊತೆ ವರ್ತಿಸಿ ಗ್ರಾಫೈಟ್ ಮಾಡುತ್ತಾರೆ.

ಎರಡನೆಯದು ಋಣ ಅಯಾನು. ಗ್ರಾಫೈಟ್ ಮೇಲೆ ಸೀಸಿಯಂ ಅಯಾನುಗಳನ್ನು ಹೊಡೆದರೆ ಕಾರ್ಬನ್ ಪರಮಾಣುಗಳು ಒಂದೊಂದು ಹೆಚ್ಚುವರಿ ಎಲೆಕ್ಟ್ರಾನ್ ಹೊತ್ತು ಹೊರಬರುತ್ತವೆ. ನೈಟ್ರೋಜನ್‌ಗೆ ಹೆಚ್ಚುವರಿ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಅದರ ಋಣ ಅಯಾನು ಉಳಿಯುವುದೇ ಇಲ್ಲ. ಹೀಗೆ ಐಸೋಬಾರ್ ಬಾಗಿಲಲ್ಲೇ ಉಳಿಯುತ್ತದೆ.

ಮೂರನೆಯದು ಮೊದಲ ಕಾಂತ. ರಾಶಿ 14 ಇರುವುದನ್ನು ಮಾತ್ರ ಒಳಗೆ ಬಿಡುತ್ತದೆ. ಹೈಡ್ರೋಜನ್ ಅಂಟಿದ ಅಣುಗಳು ಇನ್ನೂ ಜೊತೆಯಲ್ಲಿವೆ.

ನಾಲ್ಕನೆಯದು ವೇಗವರ್ಧಕ. ನಡುವೆ ಇರುವ ಧನ ವಿದ್ಯುದಗ್ರ ಋಣ ಅಯಾನುಗಳನ್ನು ಸೆಳೆಯುತ್ತದೆ. ಅಲ್ಲಿ ತೆಳುವಾದ ಅನಿಲದ ನಡುವೆ ನುಗ್ಗುವಾಗ ಅಯಾನುಗಳು ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನುಗಳಾಗುತ್ತವೆ, ಡಿಕ್ಕಿಯ ಹೊಡೆತಕ್ಕೆ ಅಣುಗಳು ಮುರಿದುಬೀಳುತ್ತವೆ. ಈಗ ಧನವಾದ ಅಯಾನನ್ನು ಅದೇ ಧನ ಅಗ್ರ ಆಚೆಗೆ ತಳ್ಳುತ್ತದೆ. ಒಂದೇ ವೋಲ್ಟೇಜು ಎರಡು ಸಲ ಕೆಲಸ ಮಾಡಿದಂತಾಯಿತು: 5 ಲಕ್ಷ ವೋಲ್ಟಿನ ಯಂತ್ರದಲ್ಲಿ ಒಂದು ಧನ ಆವೇಶದ ಕಾರ್ಬನ್ ಒಟ್ಟು 10 ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಪಡೆಯುತ್ತದೆ.

ಐದನೆಯದು ಎಣಿಕೆ. ಎರಡನೆಯ ಕಾಂತ ಮುರಿದ ಚೂರುಗಳನ್ನು ಬೇರೆ ದಾರಿಗೆ ಕಳಿಸುತ್ತದೆ. ಕಾರ್ಬನ್-12 ಮತ್ತು 13 ಅಪಾರವಾಗಿರುವುದರಿಂದ ಅವನ್ನು ವಿದ್ಯುತ್ ಪ್ರವಾಹವಾಗಿ ಅಳೆಯುತ್ತಾರೆ. ಕಾರ್ಬನ್-14ನ್ನು ಶೋಧಕದಲ್ಲಿ ಒಂದೊಂದಾಗಿ ಎಣಿಸುತ್ತಾರೆ. ಇವುಗಳ ಅನುಪಾತವನ್ನು ಗೊತ್ತಿರುವ ಮಾದರಿಯ ಅನುಪಾತಕ್ಕೆ ಹೋಲಿಸುತ್ತಾರೆ. ಕಾರ್ಬನ್-14 ಇಲ್ಲವೇ ಇಲ್ಲದ ಒಂದು ಮಾದರಿಯನ್ನೂ ಓಡಿಸಿ, ಯಂತ್ರ ಸುಳ್ಳಾಗಿ ಎಷ್ಟು ಎಣಿಸುತ್ತದೆ ಎಂದು ಪರೀಕ್ಷಿಸುತ್ತಾರೆ. ಪ್ರಶ್ನೆ ಕೇಳಿದ ಹುಡುಗನಿಗೆ ಬಹಳ ಹಿಡಿಸಿದ್ದು ಈ ಕೊನೆಯ ಮಾತು.

ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಹೀಗೆ 500 ಕಿಲೋವೋಲ್ಟಿನ ಯಂತ್ರವಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲೂ ಇಂಥ ಸೌಲಭ್ಯವಿದೆ.

ತರಗತಿಯಲ್ಲಿ ಮಾಡಿಸಿದ ಎರಡು ಚಟುವಟಿಕೆ

ಹುಣಸೆ ಬೀಜ: ಚೌಕಾಬಾರ ಆಡಲು ಒಂದು ಮಗ್ಗುಲು ತೇಯ್ದ ಹುಣಸೆ ಬೀಜಗಳನ್ನು ಮಕ್ಕಳೇ ತಂದರು. ಒಂದು ಚೀಲದಲ್ಲಿ ಎಷ್ಟು ಬೀಜ ಇದೆ ಎಂದು ಹೇಳದೆ ಕೊಟ್ಟೆ. ಒಂದು ಗುಂಪು ಬೀಜ ಎಸೆದು, ಬಿಳಿ ಮೇಲಾಗಿ ಬಿದ್ದವನ್ನು ಮಾತ್ರ ಎಣಿಸಿ ಎರಡರಿಂದ ಗುಣಿಸಿ ಒಟ್ಟು ಊಹಿಸಬೇಕು. ಇನ್ನೊಂದು ಗುಂಪು ನೇರವಾಗಿ ಎಲ್ಲವನ್ನೂ ಎಣಿಸಬೇಕು. ನೂರು ಬೀಜ ಇದ್ದಾಗ ಊಹೆ ಹತ್ತಿರ ಬರುತ್ತದೆ. ಎಂಟೇ ಬೀಜ ಇದ್ದಾಗ ಊಹೆ ನಾಲ್ಕೂ ಆಗುತ್ತದೆ, ಹನ್ನೆರಡೂ ಆಗುತ್ತದೆ. ಮಾದರಿ ಚಿಕ್ಕದಾದಷ್ಟೂ ನೇರ ಎಣಿಕೆಯೇ ಮೇಲು ಎಂಬುದು ಯಾರೂ ಹೇಳಿಕೊಡದೆ ಹೊರಬರುತ್ತದೆ.

ಫ್ಯಾನು ಮತ್ತು ಚೆಂಡು: ಟೇಬಲ್ ಟೆನಿಸ್ ಚೆಂಡು ಮತ್ತು ಅದೇ ಗಾತ್ರದ ಒಣಗಿದ ಮಣ್ಣಿನ ಉಂಡೆಯನ್ನು ಒಂದೇ ಇಳಿಜಾರಿನಿಂದ ಬಿಟ್ಟು, ಪಕ್ಕದಿಂದ ಫ್ಯಾನು ಹಾಕಬೇಕು. ಗಾತ್ರ ಒಂದೇ ಆದ್ದರಿಂದ ಗಾಳಿಯ ತಳ್ಳು ಹೆಚ್ಚುಕಡಿಮೆ ಒಂದೇ; ಹಗುರವಾದದ್ದು ಹೆಚ್ಚು ಬಾಗುತ್ತದೆ. ಕಬ್ಬಿಣದ ಗುಂಡು ಮತ್ತು ಆಯಸ್ಕಾಂತ ಬಳಸುವುದಕ್ಕಿಂತ ಇದು ಒಳ್ಳೆಯದು: ಗುಂಡು ದೊಡ್ಡದಾದರೆ ಸೆಳೆತವೂ ಹೆಚ್ಚುತ್ತದೆ, ಹೋಲಿಕೆ ಕೆಡುತ್ತದೆ. ಫ್ಯಾನಿನ ಗಾಳಿ ಒಂದೇ ದಿಕ್ಕಿಗೆ ತಳ್ಳುತ್ತದೆ, ಕಾಂತಕ್ಷೇತ್ರದ ಬಲ ಚಲನೆಗೆ ಸದಾ ಲಂಬವಾಗಿರುತ್ತದೆ ಎಂಬ ವ್ಯತ್ಯಾಸವನ್ನು ಕೊನೆಗೆ ಹೇಳಬೇಕು.

ಸಂಖ್ಯೆ ಹೇಳುವುದು, ಹೇಳದಿರುವುದು

ಚಿಕ್ಕ ಮಾದರಿ ಸಾಕು ಎಂಬುದರಿಂದ ಇತಿಹಾಸದ ಪ್ರಶ್ನೆಯೇ ಬದಲಾಗುತ್ತದೆ. ಒಂದು ಹಿಡಿ ಇದ್ದಿಲು ಬೇಕಿದ್ದಾಗ, ಅದು ಯಾವ ಮರದ್ದು, ಮರದ ಯಾವ ಭಾಗದ್ದು ಎಂಬುದು ಗೊತ್ತಾಗುತ್ತಿರಲಿಲ್ಲ. ಹಳೆಯ ಮರದ ತಿರುಳು ಒಲೆಗೆ ಬೀಳುವ ಮುನ್ನವೇ ನೂರಾರು ವರ್ಷ ಹಳೆಯದಾಗಿರಬಹುದು. ಹುರುಳಿ ಕಾಳು ಹಾಗಲ್ಲ. ಅದು ಒಂದೇ ವರ್ಷದ ಬೆಳೆ. ಬಳ್ಳಾರಿಯ ಬಳಿಯ ಸಂಗನಕಲ್ಲು ಮುಂತಾದ ನವಶಿಲಾಯುಗದ ನೆಲೆಗಳಿಂದ ಸುಟ್ಟ ಕಾಳುಗಳನ್ನು ಆರಿಸಿ ಈ ವಿಧಾನದಿಂದ ಕಾಲ ಕಟ್ಟಿದ ಕೆಲಸವನ್ನು ಡೋರಿಯನ್ ಫುಲ್ಲರ್, ನಿಕೋಲ್ ಬೊಯ್ವಿನ್ ಮತ್ತು ರವಿ ಕೋರಿಶೆಟ್ಟರ್ 2007ರಲ್ಲಿ ಪ್ರಕಟಿಸಿದರು. ದಕ್ಷಿಣದ ಆ ಕಾಲದ ಊಟದಲ್ಲಿ ಹುರುಳಿ, ಹೆಸರು, ಕೊರಲೆ ಮುಖ್ಯವಾಗಿದ್ದವು. ರಾಗಿ ಆಫ್ರಿಕಾ ಮೂಲದ್ದು. ಅದು ಇಲ್ಲಿಗೆ ಯಾವಾಗ ಬಂತು ಎಂಬುದು ಇಂದಿಗೂ ವಾದದ ವಿಷಯ. ಕಾಳು ಹಳೆಯ ಪದರದಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಹಳೆಯದಾಗುವುದಿಲ್ಲ. ಇರುವೆ, ಇಲಿ, ಬೇರಿನ ದಾರಿಯಲ್ಲಿ ಅದು ಕೆಳಗೆ ಇಳಿದಿರಬಹುದು. ಕಾಳನ್ನೇ ಅಳೆದರೆ ಆ ಸಂಶಯಕ್ಕೆ ಉತ್ತರ ಸಿಗುತ್ತದೆ. ದಿನಾ ಮುದ್ದೆ ಉಣ್ಣುವ ಮಕ್ಕಳಿಗೆ ಇದು ಪರದೇಶದ ವಿಷಯ ಎನಿಸಲಿಲ್ಲ.

ಯಂತ್ರದಿಂದ ಬಂದ ಅನುಪಾತ ಇನ್ನೂ ವರ್ಷವಲ್ಲ ಎಂಬುದನ್ನೂ ಹೇಳಬೇಕು. ರೂಢಿಯ ಲೆಕ್ಕಕ್ಕೆ ಲಿಬ್ಬಿ ಕಾಲದ 5,568 ವರ್ಷದ ಅರ್ಧಾಯುಷ್ಯವನ್ನೇ ಇಂದಿಗೂ ಬಳಸುತ್ತಾರೆ. ಅದರಿಂದ 3,600 ಬಂದರೆ, 5,730 ಬಳಸಿದಾಗ ಸುಮಾರು 3,710 ಆಗುತ್ತದೆ. ಗಾಳಿಯ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲವಾದ್ದರಿಂದ, ಮರದ ವರ್ಷದುಂಗುರಗಳಿಗೆ ಹೋಲಿಸಿ ತಿದ್ದಬೇಕು. ಆಗ ಅದೇ ಅಳತೆ ಸುಮಾರು 3,900 ವರ್ಷದ ಹತ್ತಿರ ಹೋಗುತ್ತದೆ. ಹಳೆಯ ಪುಸ್ತಕದಲ್ಲಿ ಒಂದು ಇಸವಿ, ಹೊಸ ಪುಸ್ತಕದಲ್ಲಿ ಇನ್ನೊಂದು ಇಸವಿ ಕಂಡರೆ ಯಾರೋ ಸುಳ್ಳು ಹೇಳಿದರು ಎಂದಲ್ಲ, ಯಾವ ಲೆಕ್ಕ ಎಂದು ಕೇಳಬೇಕು.

“ಸೋಮನಾಥಪುರದ ದೇವಸ್ಥಾನಕ್ಕೂ ಹೀಗೇ ಮಾಡ್ಬೋದಾ?” ಎಂದು ಒಬ್ಬಳು ಕೇಳಿದಳು. ಬಳಪದ ಕಲ್ಲಿನಲ್ಲಿ ಕಟ್ಟಿದ ದಿನದ ಜೀವಂತ ಕಾರ್ಬನ್ ಇಲ್ಲ. ಅಲ್ಲದೆ ಅಲ್ಲಿ ಶಾಸನವೇ ಇದೆ, ಅದು 13ನೆಯ ಶತಮಾನದ್ದೆಂದು ಅದೇ ಹೇಳುತ್ತದೆ. “ಡೈನೋಸಾರ್ ಮೂಳೆ?” ಸುಮಾರು 50,000 ವರ್ಷ ದಾಟಿದರೆ ಎಣಿಸಲು ಕಾರ್ಬನ್-14 ಉಳಿಯುವುದಿಲ್ಲ. ಅದಕ್ಕೂ ಹಿಂದಿನ ಕೆಲವು ಪ್ರಶ್ನೆಗಳಿಗೆ ಇದೇ ಯಂತ್ರದಲ್ಲಿ ಬೆರಿಲಿಯಂ-10 ಮತ್ತು ಅಲ್ಯೂಮಿನಿಯಂ-26 ಎಣಿಸುತ್ತಾರೆ; ಅರ್ಧಾಯುಷ್ಯ ಸುಮಾರು 14 ಲಕ್ಷ ಮತ್ತು 7 ಲಕ್ಷ ವರ್ಷ. ಚೆನ್ನೈ ಬಳಿಯ ಅತ್ತಿರಂಪಾಕ್ಕಂನ ಕಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಿಂದಿನವು ಎಂದು 2011ರಲ್ಲಿ ಹೇಳಿದ್ದು ಈ ಎರಡರ ಎಣಿಕೆಯಿಂದ. ಡೈನೋಸಾರ್ ಅದಕ್ಕೂ ಬಹಳ ಹಿಂದೆ. ಅದಕ್ಕೆ ಬೇರೆ ಗಡಿಯಾರ ಬೇಕು.

ಮಾರನೆಯ ದಿನ ಇಬ್ಬರು ಹೊಳೆದಂಡೆಯಿಂದ ಇದ್ದಿಲಿನ ಚೂರು ತಂದಿದ್ದರು. ಇದನ್ನು ಮುಂಚಿತವಾಗಿ ನಿರೀಕ್ಷಿಸಿ ಪಾಠಯೋಜನೆಯಲ್ಲೇ ಉತ್ತರ ಬರೆದಿಟ್ಟಿದ್ದೆ. ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿ ಇತ್ತು ಎಂಬುದು ದಾಖಲಾಗದೆ ಕಿತ್ತು ತಂದ ಇದ್ದಿಲಿಗೆ ಎಷ್ಟೇ ನಿಖರವಾದ ವಯಸ್ಸು ಬಂದರೂ ಅದು ಯಾರ ಕಥೆಯನ್ನೂ ಹೇಳುವುದಿಲ್ಲ. ಹಳೆಯ ನೆಲೆಯಲ್ಲಿ ಕಂಡದ್ದನ್ನು ಮುಟ್ಟದೆ ಇಲಾಖೆಗೆ ತಿಳಿಸಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಮೌಲ್ಯಮಾಪನ

ನಾನು ಕೊಟ್ಟ ಪ್ರಶ್ನೆಗಳು ಮೂರು. ನೈಟ್ರೋಜನ್-14 ಈ ಎಣಿಕೆಗೆ ಏಕೆ ಅಡ್ಡಿ, ಅದನ್ನು ಎಲ್ಲಿ ತಡೆಯುತ್ತಾರೆ? ಒಂದೇ ಕಾಳು ಇದ್ದಾಗ ಬೀಟಾ ಎಣಿಕೆ ಏಕೆ ಸಾಲದು? ನಮ್ಮ ಸಂಗಮದ ನೆಲೆಗೆ ಹೇಳುವ ವರ್ಷವನ್ನು ಯಾರಾದರೂ ನಂಬದಿದ್ದರೆ ಏನು ಹೇಳುತ್ತೀರಿ?

ಮೂರನೆಯದಕ್ಕೆ ಬಂದ ಉತ್ತರಗಳನ್ನು ಓದಿದಾಗಲೇ ಪಾಠ ಎಷ್ಟು ತಲುಪಿತು ಎಂದು ತಿಳಿಯುವುದು. “ವಿಜ್ಞಾನಿಗಳು ಹೇಳಿದ್ದಾರೆ” ಎಂದು ಬರೆದವರು ಇನ್ನೂ ಇದ್ದರು. ಅವರಿಗೆ ಹುಣಸೆ ಬೀಜದ ಚಟುವಟಿಕೆಯನ್ನು ಮತ್ತೆ ಮಾಡಿಸಿದೆ. “ಎಣಿಸಿದ್ದು ವರ್ಷ ಅಲ್ಲ, ಪರಮಾಣು. ವರ್ಷ ಆಮೇಲೆ ಲೆಕ್ಕ ಹಾಕಿದ್ದು, ಆ ಲೆಕ್ಕ ತೋರಿಸಿ ಅಂತ ಕೇಳಬಹುದು” ಎಂದು ಬರೆದವಳೂ ಇದ್ದಳು. ಮುಂದಿನ ತಂಡದವರು ಈ ಪಾಠ ತೆಗೆದುಕೊಳ್ಳುವುದಾದರೆ ಎರಡು ಅವಧಿಗಳ ನಡುವೆ ಒಂದು ದಿನ ಬಿಡಿ. ರಾಗಿಯ ಲೆಕ್ಕವನ್ನು ಮನೆಗೆ ಕೊಟ್ಟು ಕಳುಹಿಸಿ, ಹುಣಸೆ ಬೀಜ ತರಲು ಹೇಳಿ. ಬೇರೆ ಸಾಮಗ್ರಿಗೆ ಹಣ ಬೇಕಿಲ್ಲ.